ತಿಳಿನೀರು ಬರುವವರೆಗೆ

ಇಂಥ ಬರಹವನ್ನು ಸಾಮಾನ್ಯವಾಗಿ ಅರವತ್ತು ದಾಟಿದವರು ಬರೆಯುತ್ತಾರೆ. ನನಗೆ ಮೂವತ್ನಾಲ್ಕು. ಆದರೂ ನಾನು ನನ್ನ ವೃತ್ತಿಯಿಂದ ನಿವೃತ್ತನಾಗಿರುವುದು ನಿಜ. ಹೆಂಡತಿ ನಾಝಿಯಾಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಸಿಕ್ಕಿದ್ದರಿಂದ ಹೋದ ವರ್ಷ ನಾವು ಮೇರಿಲ್ಯಾಂಡಿನ ಜರ್ಮನ್‌ಟೌನ್ ಬಿಟ್ಟು ನಾರ್ತ್ ಕ್ಯಾರೊಲೈನಾಗೆ ಬಂದೆವು. ಇಲ್ಲಿ ಮನೆ ಬೆಚ್ಚಗಿಡುವುದಕ್ಕೆ ಬಿಸಿಗಾಳಿ ಊದುವ ಯಂತ್ರಗಳಿವೆ. ಬಿಸಿನೀರು ಓಡುವ ರೇಡಿಯೇಟರ್ ಇರುವ ಮನೆಯನ್ನು ಬಂದಾಗಿನಿಂದ ನಾನು ಒಂದೂ ನೋಡಿಲ್ಲ. ನನಗೆ ಬರುವ ಕೆಲಸ ಈ ಊರಿನಲ್ಲಿ ಯಾರಿಗೂ ಬೇಕಾಗಿಲ್ಲ.

ಮೊನ್ನೆ ಜರ್ಮನ್‌ಟೌನಿನಿಂದ ಇಬ್ಬರು ಹುಡುಗರು ಫೋನ್ ಮಾಡಿದ್ದರು. ಒಬ್ಬನಿಗೆ ಐಟಿ ಕೆಲಸ ಹೋಗಿದೆ. ಇನ್ನೊಬ್ಬ ನನ್ನ ಹಾಗೆಯೇ ಹೆಂಡತಿಯ ವೀಸಾದ ಮೇಲೆ ಬಂದವನು, ಈಗ ಕೆಲಸದ ಪರವಾನಗಿ ಕೈಗೆ ಬಂದಿದೆ. "ಭಾಯ್, ನೀವು ಮಾಡ್ತಿದ್ದ ಬಾಯ್ಲರ್ ಕೆಲಸ ಆಕ್ಚುಯಲಿ ಹೇಗಿರುತ್ತೆ?" ಎಂದು ಕೇಳಿದರು. ಅರ್ಧ ಗಂಟೆ ಮಾತಾಡಿದೆ. ಮಾತು ಮುಗಿದಾಗ ಅವರಿಗೂ ಏನೂ ತಿಳಿದಿರಲಿಲ್ಲ, ನನಗೂ ಎಲ್ಲ ಕಲಸಿಹೋಗಿತ್ತು. ಅದಕ್ಕೇ ಡೈರಿಗಳನ್ನು ತೆಗೆದು ಕೂತಿದ್ದೇನೆ.

ಏಳು ನೋಟ್‌ಬುಕ್‌ಗಳಿವೆ. ಒಂದೊಂದು ಮನೆಗೆ ಒಂದೊಂದು ಪುಟ. ದಿನಾಂಕ, ರೇಡಿಯೇಟರ್ ಎಷ್ಟು, ಹೋದಾಗ ಗೇಜಿನಲ್ಲಿ ನೀರಿನ ಒತ್ತಡ ಎಷ್ಟು, ಹೊರಟಾಗ ಎಷ್ಟು, ತಿಳಿನೀರು ಬರುವವರೆಗೆ ಎಷ್ಟು ಹೊತ್ತಾಯಿತು, ಮತ್ತೆ ಕರೆ ಬಂತೋ ಇಲ್ಲವೋ. ಒಟ್ಟು ನಾಲ್ಕು ಚಳಿಗಾಲ, ಇನ್ನೂರ ಹದಿನೆಂಟು ಮನೆ, ಇಪ್ಪತ್ತಾರು ಕಾಲ್‌ಬ್ಯಾಕ್. ಮಾಡಿದ ಕೆಲಸವನ್ನೇ ಮತ್ತೊಮ್ಮೆ ಪುಕ್ಕಟೆಯಾಗಿ ಮಾಡಲು ಹೋಗುವುದಕ್ಕೆ ಕಾಲ್‌ಬ್ಯಾಕ್ ಅನ್ನುತ್ತಾರೆ. ಪುಟದ ಕೊನೆಯಲ್ಲಿ "ಕಾರಣ" ಎಂದು ಒಂದು ಸಾಲು ಇಟ್ಟಿದ್ದೆ. ನಿನ್ನೆ ಕೂತು ಎಣಿಸಿದೆ. ನಲವತ್ತೊಂದು ಪುಟಗಳಲ್ಲಿ ಆ ಸಾಲಿನ ಮುಂದೆ ಇರುವುದು ಬರೀ ಪ್ರಶ್ನಾರ್ಥಕ ಚಿಹ್ನೆ. ಕೆಲಸಕ್ಕೆ ಸೇರುವವರು ಮೊದಲು ತಿಳಿಯಬೇಕಾದದ್ದು ಇದೇ ಇರಬೇಕು.

ಕೆಲಸ ಹೇಳುವುದಕ್ಕೆ ಸುಲಭ. ವಾಷಿಂಗ್ಟನ್ ಸುತ್ತಮುತ್ತಲಿನ ಹಳೆಯ ಇಟ್ಟಿಗೆ ಮನೆಗಳ ಬೇಸ್‌ಮೆಂಟಿನಲ್ಲಿ ಒಂದು ಬಾಯ್ಲರ್ ಇರುತ್ತದೆ. ಅದು ನೀರು ಕಾಯಿಸಿ, ಪೈಪುಗಳ ಮೂಲಕ ಕೋಣೆಕೋಣೆಯ ಎರಕದ ಕಬ್ಬಿಣದ ರೇಡಿಯೇಟರ್‌ಗಳಿಗೆ ಕಳಿಸಿ ವಾಪಸ್ಸು ತರಿಸಿಕೊಳ್ಳುತ್ತದೆ. ಇದ್ದ ನೀರೇ ಸುತ್ತುತ್ತಿರುತ್ತದೆ, ಹೊರಗೆ ಹೋಗುವುದಿಲ್ಲ. ವರ್ಷಗಳು ಕಳೆದಂತೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಪ್ಪು ಕೆಸರಾಗುತ್ತದೆ. ಆ ಕೆಸರು ರೇಡಿಯೇಟರ್‌ಗಳ ತಳದಲ್ಲಿ ಕೂತು ಕೋಣೆ ತಣ್ಣಗಾಗುತ್ತದೆ. ಆಗ ನಮ್ಮನ್ನು ಕರೆಯುತ್ತಾರೆ. ಹಳೇ ನೀರನ್ನೆಲ್ಲ ಬಸಿದು, ಒಳಗೆ ತೊಳೆದು, ಹೊಸ ನೀರು ತುಂಬಿ, ತುಕ್ಕು ಹಿಡಿಯದಂತೆ ಒಂದು ಬಾಟಲಿ ದ್ರಾವಣ ಸೇರಿಸಿ, ಒಂದೊಂದು ರೇಡಿಯೇಟರಿನ ಮೂತಿ ಸಡಿಲಿಸಿ ಒಳಗಿನ ಗಾಳಿ ಬಿಡಿಸಿದರೆ ಕೆಲಸ ಮುಗಿಯಿತು.

ನನಗೆ ಇದನ್ನು ಕಲಿಸಿದವರು ಕರ್ಟಿಸ್. ನಾನು 2021ರ ಅಕ್ಟೋಬರಿನಲ್ಲಿ ಸೇರಿದಾಗ ಅವರಿಗೆ ಅರವತ್ತೆರಡು. ಮೊದಲ ದಿನ ನನ್ನ ಕೈಯಲ್ಲಿ ನೋಟ್‌ಬುಕ್ ನೋಡಿ, "ನೀರಿಗೆ ಪರೀಕ್ಷೆ ಬರೆಯುವುದಕ್ಕೆ ಬಂದಿದ್ದೀಯಾ?" ಎಂದಿದ್ದರು. ಅಂದೇ ಪರೀಕ್ಷೆ ಆಯಿತು. ಬಸಿಯುವ ಪೈಪಿನ ತುದಿಯನ್ನು ಬಟ್ಟೆ ಒಗೆಯುವ ತೊಟ್ಟಿಗೆ ಇಟ್ಟು, ರೇಡಿಯೇಟರ್ ಎಣಿಸೋಣ ಎಂದು ಮಹಡಿಗೆ ಹೋದೆ. ಒತ್ತಡ ಏರಿದ ಕೂಡಲೇ ಪೈಪು ಎದ್ದು ಹಾವಿನ ಹಾಗೆ ಕುಣಿದು, ಬೇಸ್‌ಮೆಂಟಿನ ಗೋಡೆ, ಒಗೆದು ಮಡಚಿಟ್ಟ ಬಟ್ಟೆ, ಮಕ್ಕಳ ಸೈಕಲ್ಲು, ಎಲ್ಲದರ ಮೇಲೂ ಕಪ್ಪು ನೀರು ಎರಚಿತ್ತು. ಡೈರಿಯಲ್ಲಿದೆ: "ರೇಡಿಯೇಟರ್ ಒಂಬತ್ತು. ಹಾಳಾದ ಬೆಡ್‌ಶೀಟ್ ಆರು. ಕರ್ಟಿಸ್ ಏನೂ ಬಯ್ಯಲಿಲ್ಲ. ಯಾಕೆ?"

ಬಯ್ಯದೆ ಅವರು ಕಲಿಸಿದ್ದು ಎರಡು ನಿಯಮ. ಒಂದು, ನೀರು ಓಡುತ್ತಿರುವಾಗ ಅದನ್ನು ಬಿಟ್ಟು ಕದಲಬಾರದು. ಇನ್ನೊಂದು, ತುಂಬಿಸಿದ ಮೇಲೆ ಬಾಯ್ಲರಿಗೆ ಹೊಸ ನೀರು ಕೊಡುವ ವಾಲ್ವನ್ನು ಮುಚ್ಚಬೇಕು. ತೆರೆದಿಟ್ಟರೆ ಎಲ್ಲಾದರೂ ಸೋರುತ್ತಿದ್ದರೂ ಹೊಸ ನೀರು ಬಂದು ತುಂಬಿಕೊಳ್ಳುತ್ತದೆ, ಸೋರುವುದು ಯಾರಿಗೂ ತಿಳಿಯುವುದಿಲ್ಲ. ಮುಚ್ಚಿದರೆ ಒತ್ತಡ ಇಳಿಯುತ್ತದೆ, ತೊಂದರೆ ಬಯಲಾಗುತ್ತದೆ. ಆದರೆ ಬಾಯ್ಲರ್ ಕಂಪನಿಯ ತರಬೇತಿಗೆ ಹೋದರೆ ಅಲ್ಲಿ ಹೇಳುವುದು ಇದಕ್ಕೆ ತದ್ವಿರುದ್ಧ: ಮುಚ್ಚಬೇಡಿ, ನೀರು ಕಡಿಮೆಯಾದರೆ ಮನೆಯವರು ಚಳಿಯಲ್ಲಿ ಕೂರುತ್ತಾರೆ. ಕರ್ಟಿಸ್‌ಗೆ ಹೇಳಿದೆ. "ಅವರು ಬಾಯ್ಲರ್ ಮಾರುವವರು, ನಾನು ರಿಪೇರಿ ಮಾಡುವವನು," ಎಂದರು. ಯಾರು ಸರಿ ಎಂದು ನಾಲ್ಕು ಚಳಿಗಾಲ ಲೆಕ್ಕ ಇಟ್ಟೆ. ಮುಚ್ಚಿದ ಮನೆಗಳಲ್ಲೂ ಕಾಲ್‌ಬ್ಯಾಕ್ ಇವೆ, ತೆರೆದ ಮನೆಗಳಲ್ಲೂ ಇವೆ. ಈಗಲೂ ನನಗೆ ಗೊತ್ತಿಲ್ಲ.

ನಡುವೆ ವಿಧಾನವೂ ಬದಲಾಯಿತು. ಮೊದಲು ನಲ್ಲಿಯ ಒತ್ತಡದಲ್ಲೇ ತೊಳೆಯುತ್ತಿದ್ದೆವು, ರೇಡಿಯೇಟರನ್ನು ಮರದ ಸುತ್ತಿಗೆಯಿಂದ ತಟ್ಟಿ ಕೆಸರು ಅಲುಗಿಸುತ್ತಿದ್ದೆವು. ಎರಡನೇ ಚಳಿಗಾಲಕ್ಕೆ ನೀರನ್ನು ಹಿಂದಕ್ಕೂ ಮುಂದಕ್ಕೂ ರಭಸವಾಗಿ ತಳ್ಳುವ ಪಂಪು ಬಂತು, ತುಕ್ಕು ಹಿಡಿದಿಡುವ ಅಯಸ್ಕಾಂತದ ಫಿಲ್ಟರ್ ಬಂತು. ಮೂರನೇ ಚಳಿಗಾಲಕ್ಕೆ ಹೊಸ ಮ್ಯಾನೇಜರ್ ಬಂದ, ಜೊತೆಗೆ ಒಂದು ಟ್ಯಾಬ್ಲೆಟ್ಟು. ಪ್ರತಿ ಮನೆಯಲ್ಲೂ ಎಂಟು ಫೋಟೊ ತೆಗೆದು ಹನ್ನೆರಡು ಚೌಕಗಳಿಗೆ ಟಿಕ್ ಹಾಕಬೇಕು. ಕೊನೆಯ ಚೌಕ: "ಗ್ರಾಹಕರಿಗೆ ವಿವರಿಸಲಾಗಿದೆ." ಅದಕ್ಕೆ ಟಿಕ್ ಹಾಕದೆ ಪುಟ ಮುಚ್ಚುವುದೇ ಇಲ್ಲ. ಹಾಗಾಗಿ ಎಲ್ಲರೂ ಹಾಕುತ್ತಿದ್ದೆವು.

ಈಗ ನೂರ ನಲವತ್ತೇಳನೇ ಮನೆಗೆ ಬರುತ್ತೇನೆ.

2024ರ ಜನವರಿ, ಎರಡನೇ ವಾರ. ಸಿಲ್ವರ್ ಸ್ಪ್ರಿಂಗಿನಲ್ಲಿ ಎರಡು ಮಹಡಿಯ ಹಳೇ ಇಟ್ಟಿಗೆ ಮನೆ, ಹನ್ನೊಂದು ರೇಡಿಯೇಟರ್. ಬಾಗಿಲಲ್ಲೇ ಚಪ್ಪಲಿಗಳ ಸಾಲು, ಒಳಗಿನಿಂದ ಮೆಂತ್ಯ ಹುರಿದ ವಾಸನೆ. ರಘು ಮತ್ತು ದೀಪಾ ಎಂಬ ದಂಪತಿ, ಇಬ್ಬರೂ ಮೈಸೂರಿನವರು, ಸಾಫ್ಟ್‌ವೇರಿನಲ್ಲಿದ್ದಾರೆ. ದೀಪಾಗೆ ಹೆರಿಗೆಯಾಗಿ ಹನ್ನೆರಡು ದಿನ. ಬಾಣಂತನಕ್ಕೆಂದು ಮೈಸೂರಿನಿಂದ ಅವಳ ತಾಯಿ ಶಾರದಮ್ಮ ಬಂದಿದ್ದರು. ಮಹಡಿಯ ಮೇಲಿನ ಬಾಣಂತಿ ಕೋಣೆಯ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ತಣ್ಣಗೆ. ಕೆಸರು ಕೂತಿದೆ ಎಂದು ಅರ್ಥ. ಚಳಿಗಾಲದ ನಡುವೆ ಇಡೀ ದಿನ ಬಾಯ್ಲರ್ ಆರಿಸಿ ತೊಳೆಯುವುದನ್ನು ನಾವು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಶಾರದಮ್ಮ ಒಪ್ಪಿಸಿದರು.

"ಯಾವೂರು ಮಗಾ?"

"ಮೈಸೂರೇ ಆಂಟಿ. ಉದಯಗಿರಿ. ಇರ್ಫಾನ್ ಅಂತ."

"ಆಂಟಿ ಗೀಂಟಿ ಬೇಡ, ಅಮ್ಮ ಅನ್ನು. ಮೈಸೂರಾದ್ರೆ ನಿಂಗೆ ಹೇಳಿದ್ರೆ ಅರ್ಥ ಆಗುತ್ತೆ. ಬಾಣಂತಿಗೆ ಒಂದು ಹೊತ್ತೂ ಥಂಡಿ ತಗಲಬಾರದು. ಇವರಿಗೆ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯ್ತು."

"ಅತ್ತೆ, ರೂಮು ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ರೆ ಸಾಕು ಅಂತ ಡಾಕ್ಟರ್ ಹೇಳಿದ್ದಾರೆ," ಎಂದ ರಘು.

"ಆ ಡಾಕ್ಟರ್‌ಗೆ ಎಷ್ಟು ಬಾಣಂತನ ಆಗಿದೆ? ನಾನು ಮೂರು ಮಾಡಿದೀನಿ. ಇದು ನಾಲ್ಕನೇದು."

ಬೆಳಿಗ್ಗೆ ಎಂಟೂವರೆಗೆ ಶುರು ಮಾಡಿದೆ. ಮೊದಲು ಬಂದದ್ದು ಕಾಡಿಗೆಯಂಥ ನೀರು, ಆಮೇಲೆ ಕಾಫಿ ಬಣ್ಣ, ಆಮೇಲೆ ಟೀ. ಮಧ್ಯಾಹ್ನ ಮೂರಕ್ಕೆ ತಿಳಿನೀರು ಬಂತು. ನಾನು ಒಬ್ಬನೇ ಮಾಡಿದ ತೊಳೆತಗಳಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿರಲಿಲ್ಲ. ಆ ಹೊತ್ತಿಗೆ ಶಾರದಮ್ಮ ನನಗೆ ಕಾಫಿ ಹಿಡಿದು ಬೇಸ್‌ಮೆಂಟಿಗೆ ಇಳಿದು ಬಂದರು. ಕೊನೆಯ ತೊಳೆತಕ್ಕೆಂದು ಬಾಯ್ಲರನ್ನು ಸ್ವಲ್ಪ ಹೊತ್ತು ಹೊತ್ತಿಸಿದ್ದರಿಂದ ಅದರ ಬುಡದ ನಲ್ಲಿಯಿಂದ ಹಬೆಯಾಡುವ ನೀರು ಮೋರಿಗೆ ಹೋಗುತ್ತಿತ್ತು.

"ಅಯ್ಯೋ, ಇಷ್ಟೊಂದು ಬಿಸಿನೀರು ಹಾಗೇ ಚೆಲ್ತಿದ್ದೀಯಲ್ಲೋ!"

ನಾನು ಹೆಮ್ಮೆಯಿಂದ ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ತೋರಿಸಿದೆ. "ನೋಡಿ ಅಮ್ಮ, ಬೆಳಿಗ್ಗೆ ಹೇಗಿತ್ತು, ಈಗ ಹೇಗಿದೆ! ಕುಡಿಯೋ ನೀರಿನ ಹಾಗಿದೆ."

ಅವರು ಲೋಟವನ್ನು ಆಚೆ ಈಚೆ ತಿರುಗಿಸಿ ನೋಡಿ, ತಲೆದೂಗಿ ಮೇಲೆ ಹೋದರು. ಅವರು ಹೋದ ಮೇಲೆ ನಾನು ನಲ್ಲಿ ನಿಲ್ಲಿಸಿ, ತುಕ್ಕು ತಡೆಯುವ ದ್ರಾವಣದ ಬಾಟಲಿ ಪೂರ್ತಿ ಒಳಗೆ ಹಾಕಿ, ನೀರು ತುಂಬಿ, ಹನ್ನೊಂದು ರೇಡಿಯೇಟರ್‌ಗಳ ಗಾಳಿ ಬಿಟ್ಟೆ. ಗೇಜು ಹದಿನೈದಕ್ಕೆ ನಿಂತಿತು. ಕರ್ಟಿಸ್ ಹೇಳಿದಂತೆ ಹೊಸ ನೀರಿನ ವಾಲ್ವ್ ಮುಚ್ಚಿದೆ. ಬುಡದ ನಲ್ಲಿಯ ಬಾಯಿಗೆ ಹಿತ್ತಾಳೆಯ ಮುಚ್ಚಳ ತಿರುಗಿಸಬೇಕಿತ್ತು. ಹೇಗೂ ವಾರದೊಳಗೆ ನೀರು ಪರೀಕ್ಷಿಸಲು ಬರುತ್ತೇನಲ್ಲ ಎಂದು ಮುಚ್ಚಳವನ್ನು ಬಾಯ್ಲರಿನ ಮೇಲೆ ಇಟ್ಟೆ. ರಘುಗೆ ಥರ್ಮೋಸ್ಟಾಟ್ ತೋರಿಸಿದೆ. ಹನ್ನೆರಡನೇ ಚೌಕಕ್ಕೆ ಟಿಕ್ ಹಾಕಿದೆ. ಬಾಣಂತಿ ಕೋಣೆಯ ರೇಡಿಯೇಟರ್ ತಲೆಯಿಂದ ಕಾಲಿನವರೆಗೆ ಒಂದೇ ಸಮ ಬಿಸಿ ಇತ್ತು.

ನಾಲ್ಕನೇ ದಿನ ಫೋನ್ ಬಂತು. ಬಾಣಂತಿ ಕೋಣೆ ತಣ್ಣಗಾಗಿದೆ.

ಹೋಗಿ ನೋಡಿದರೆ ಗೇಜು ಒಂಬತ್ತಕ್ಕೆ ಇಳಿದಿತ್ತು. ಮಹಡಿಯ ರೇಡಿಯೇಟರಿನ ಮೂತಿ ಸಡಿಲಿಸಿದರೆ ಉಸ್ಸೆಂದು ಬರೀ ಗಾಳಿ. ಎಲ್ಲೋ ನೀರು ಹೊರಗೆ ಹೋಗುತ್ತಿದೆ. ಟಿಶ್ಯೂ ಕಾಗದ ಹಿಡಿದು ಒಂದೊಂದು ಕೀಲಿಗೂ ಒತ್ತಿ ನೋಡಿದೆ. ಐವತ್ತಮೂರು ಕೀಲು, ಐವತ್ತಮೂರು ಒಣ ಕಾಗದ. ಮನೆಯವರನ್ನೆಲ್ಲ ಕೇಳಿದೆ: "ಎಲ್ಲಾದ್ರೂ ನೀರು ಸೋರ್ತಿದ್ಯಾ?" ರಘು ಇಲ್ಲ ಎಂದ, ದೀಪಾ ಇಲ್ಲ ಎಂದಳು, ಶಾರದಮ್ಮ "ಒಂದು ಹನೀನೂ ಇಲ್ಲಪ್ಪ, ನಾನೇ ದಿನಾ ನೆಲ ಒರೆಸ್ತೀನಲ್ಲ" ಎಂದರು. ನೀರು ಪರೀಕ್ಷಿಸಿದೆ, ದ್ರಾವಣ ತೆಳ್ಳಗಾಗಿತ್ತು. ಒತ್ತಡ ಹದಿನೈದಕ್ಕೆ ಏರಿಸಿ, ಇನ್ನೂ ಅರ್ಧ ಬಾಟಲಿ ದ್ರಾವಣ ಹಾಕಿ ಬಂದೆ.

ಮೂರು ದಿನಕ್ಕೆ ಮತ್ತೆ ಫೋನ್. ಈ ಸಲ ಕರ್ಟಿಸ್ ಜೊತೆಗೆ ಬಂದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಪೈಪುಗಳಿಗೆಲ್ಲ ತುದಿ ತಾಗಿಸಿ ಕೇಳಿದರು. ಗೇಜು ಎಂಟೂವರೆ. ಆ ಪುಟದಲ್ಲಿ ನಾನು ಬರೆದದ್ದು: "ಸೋರುವುದಿಲ್ಲ. ಆದರೂ ನೀರಿಲ್ಲ. ಹೇಗೆ?"

"ಬಾಯ್ಲರೇ ಒಳಗೆ ಬಿರುಕು ಬಿಟ್ಟಿರಬಹುದು," ಎಂದರು ಕರ್ಟಿಸ್. "ನೀರು ಹಬೆಯಾಗಿ ಚಿಮಣಿಯಲ್ಲಿ ಹೋಗುತ್ತಿರಬಹುದು."

"ಅಂದ್ರೆ ಹೊಸ ಬಾಯ್ಲರ್ರಾ?" ರಘು ಗೋಡೆಗೆ ಒರಗಿದ. "ಎಷ್ಟು ದಿನ ಹೀಟಿಂಗ್ ಇರಲ್ಲ?"

"ವಾರ. ಹೆಚ್ಚೂ ಆಗಬಹುದು."

ಮೆಟ್ಟಿಲ ಮೇಲಿಂದ ಶಾರದಮ್ಮ, "ಏನಂತೆ?" ಎಂದು ಕೇಳಿದರು. ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು. "ನೀನು ಕೈ ಹಾಕೋ ಮುಂಚೆ ಅರ್ಧ ಆದ್ರೂ ಬಿಸಿ ಇತ್ತು," ಎಂದರು.

ನನಗೂ ಅದೇ ಅನ್ನಿಸುತ್ತಿತ್ತು. ಕೆಸರೇ ಬಿರುಕು ಮುಚ್ಚಿತ್ತೋ ಏನೋ, ನಾನು ತೊಳೆದು ತೆರೆದೆನೋ ಏನೋ. ಹೊಸ ನೀರಿನ ವಾಲ್ವ್ ತೆರೆದೇ ಇಡೋಣವೇ, ಆಗ ಕೋಣೆಯಾದರೂ ಬೆಚ್ಚಗಿರುತ್ತದೆ ಎಂದು ಕರ್ಟಿಸ್‌ರನ್ನು ಕೇಳಿದೆ. "ತೆರೆದರೆ ಏನಾಗುತ್ತಿದೆ ಎಂದು ನಮಗೆ ಎಂದೂ ತಿಳಿಯುವುದಿಲ್ಲ," ಎಂದರು. ಒಪ್ಪಿದೆ, ಆದರೆ ಹನ್ನೆರಡು ಪೌಂಡೂ ಇಲ್ಲದ ಮಗು ಮೇಲಿರುವಾಗ ಒಪ್ಪಿದ್ದು ಸರಿಯೇ ಎಂದೂ ಗೊತ್ತಾಗಲಿಲ್ಲ. ಕೊನೆಗೆ ರಘುಗೆ ಒಂದು ಕೆಲಸ ವಹಿಸಿದೆ: ಎರಡು ಗಂಟೆಗೊಮ್ಮೆ ಗೇಜು ನೋಡಿ ಬರೆದಿಡು.

ಮಹಡಿಯಲ್ಲಿ ಗಾಳಿ ಬಿಡುವಾಗ ದೀಪಾ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. "ಇರ್ಫಾನ್, ಒಂದು ಕೇಳ್ಲಾ? ನಾಲ್ಕೈದು ದಿನದಿಂದ ಕಾಲು, ಬೆನ್ನು ಎಲ್ಲ ಸಿಕ್ಕಾಪಟ್ಟೆ ಇಚ್ ಆಗ್ತಿದೆ. ಇದು ಹೀಟಿಂಗ್‌ಗೆ ಆಗುತ್ತಾ?"

"ಆಗುತ್ತೆ," ಎಂದೆ ನಾನು. "ಚಳಿಗಾಲದಲ್ಲಿ ಗಾಳಿ ಒಣಗಿರುತ್ತಲ್ಲ. ಒಂದು ಹ್ಯುಮಿಡಿಫೈಯರ್ ಇಡಿ." ಕೆಳಗಿಳಿದು ಬಾಟಲಿಯಲ್ಲಿ ಉಳಿದಿದ್ದ ಅರ್ಧ ದ್ರಾವಣವನ್ನೂ ಹಾಕಿದೆ.

ನಾಲ್ಕು ವರ್ಷಗಳ ನನ್ನ ತಪ್ಪುಗಳಲ್ಲಿ ಈ ಉತ್ತರದಷ್ಟು ದೊಡ್ಡದು ಇನ್ನೊಂದಿಲ್ಲ.

ರಘು ಎರಡು ದಿನದ ಅಂಕಿಗಳನ್ನು ಗ್ರಾಫ್ ಮಾಡಿ ಕಳಿಸಿದ. ನಾನು ಅಡುಗೆಮನೆಯ ಮೇಜಿನ ಮುಂದೆ ಅದನ್ನೇ ನೋಡುತ್ತ ಕೂತಿದ್ದೆ. ಗೆರೆ ನೆಟ್ಟಗೆ ಹೋಗುತ್ತದೆ, ಒಮ್ಮೆಲೇ ಇಳಿಯುತ್ತದೆ, ಮತ್ತೆ ನೆಟ್ಟಗೆ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ನಾಝಿಯಾ ಹಿಂದಿನಿಂದ ಬಗ್ಗಿ ನೋಡಿದಳು.

"ಲೀಕ್ ಅಂದ್ರೆ ಇಪ್ಪತ್ನಾಲ್ಕು ಗಂಟೆನೂ ಆಗ್ಬೇಕು ತಾನೇ?"

"ಆಗ್ಬೇಕು."

"ಇಲ್ಲಿ ದಿನಾ ಬೆಳಿಗ್ಗೆ ಎಂಟರಿಂದ ಹತ್ತರ ಮಧ್ಯ ಮಾತ್ರ ಇಳಿದಿದೆ. ಇದು ಲೀಕ್ ಅಲ್ಲ ಇರ್ಫಾನ್. ಇದು ಯೂಸರ್."

"ಯಾವ ಯೂಸರ್? ಅದು ಬಾಯ್ಲರು."

"ಎಂಟರಿಂದ ಹತ್ತರವರೆಗೆ ಆ ಮನೇಲಿ ಏನು ನಡೆಯುತ್ತೆ?"

ಗೊತ್ತಿಲ್ಲ ಎಂದೆ. ಆ ಮನೆಗೆ ಮೂರು ಸಲ ಹೋಗಿದ್ದೆ. ಕೀಲುಗಳನ್ನು ಎಣಿಸಿದ್ದೆ. ಮನೆಯವರ ಬೆಳಗು ಹೇಗೆ ಕಳೆಯುತ್ತದೆ ಎಂದು ಕೇಳಿರಲಿಲ್ಲ.

ಮಾರನೆಯ ದಿನ ಎಂಟೂ ಇಪ್ಪತ್ತಕ್ಕೆ ಬೆಲ್ ಒತ್ತಿದೆ. ರಘು ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಮೀಟಿಂಗಿನಲ್ಲಿದ್ದ. ಬಾಗಿಲು ತೆರೆದು, ಕೆಳಗೆ ಹೋಗಿ ಎಂದು ಕೈಸನ್ನೆ ಮಾಡಿ ತನ್ನ ಕೋಣೆಗೆ ಓಡಿದ. ಬೇಸ್‌ಮೆಂಟಿಗೆ ಇಳಿದೆ. ಶಾರದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಯ್ಲರಿನ ಮುಂದೆ ಬಗ್ಗಿದ್ದರು. ಬುಡದ ನಲ್ಲಿ ತೆರೆದಿತ್ತು. ಒಂದು ಬಕೆಟ್ಟು ತುಂಬಿ ಪಕ್ಕದಲ್ಲಿತ್ತು, ಇನ್ನೊಂದು ತುಂಬುತ್ತಿತ್ತು.

"ಬಂದ್ಯಾ ಮಗಾ? ಒಂದು ನಿಮಿಷ ಇರು, ಇದೊಂದು ತುಂಬಲಿ."

"ಅಮ್ಮ... ಈ ನೀರು ಯಾಕೆ?"

"ಬಾಣಂತಿ ಸ್ನಾನಕ್ಕೆ. ಮೇಲ್ಗಡೆ ನಲ್ಲೀಲಿ ಬರೋ ನೀರಿಗೆ ಬಿಸಿನೀರು ಅಂತಾರಾ? ಅರ್ಧ ಬಕೆಟ್ ಬರೋಷ್ಟ್ರಲ್ಲಿ ಆರಿರುತ್ತೆ. ಇದು ನೋಡು, ಹೇಗೆ ಸುಡ್ತಿದೆ! ಎರಡು ಬಕೆಟ್ ತಗೊಂಡೋಗಿ ತಣ್ಣೀರು ಬೆರೆಸ್ಕೊಂಡ್ರೆ ಹದವಾಗಿರುತ್ತೆ. ನೀನು ಅಷ್ಟು ಚೆನ್ನಾಗಿ ತೊಳೆದುಕೊಟ್ಟೆಯಲ್ಲ, ಅವತ್ತಿಂದ ದಿನಾ ಇದೇ ನೀರು."

"ಮಗೂಗೂ ಇದೇನಾ?"

"ಹೇ, ಇಲ್ಲ. ಮಗೂಗೆ ಒಲೆ ಮೇಲೆ ಕಾಯಿಸ್ಕೊತೀನಿ. ಈ ನೀರು ಕೈಗೆ ಯಾಕೋ ಒಂಥರಾ ಜಾರುತ್ತೆ. ಎಳೇ ಮೈ ಅಲ್ವಾ. ದೊಡ್ಡೋರಿಗೆ ಪರವಾಗಿಲ್ಲ."

ಮೆಟ್ಟಿಲ ಮೇಲೆ ಕೂತೆ. "ಅಮ್ಮ, ಈ ನೀರಿಗೆ ನಾನು ಔಷಧಿ ಹಾಕಿದ್ದೆ. ಪೈಪು ತುಕ್ಕು ಹಿಡೀದೇ ಇರ್ಲಿ ಅಂತ. ಮೈಗೆ ಹಾಕೋ ನೀರಲ್ಲ ಇದು."

"ಯಾವಾಗ ಹಾಕ್ದೆ? ಲೋಟದಲ್ಲಿ ತೋರಿಸ್ದೆ. ಕುಡಿಯೋ ನೀರಿನ ಹಾಗಿದೆ ಅಂದೆ."

"ನೀವು ಮೇಲೆ ಹೋದ್ಮೇಲೆ."

ಅವರು ನಲ್ಲಿ ನಿಲ್ಲಿಸಿದರು. ತುಂಬಿದ ಬಕೆಟ್ಟಿನತ್ತ ನೋಡಿದರು, ತಮ್ಮ ಕೈಗಳತ್ತ ನೋಡಿದರು. "ಅವಳು ತುರಿಕೆ ಅಂತಿದ್ಲು," ಎಂದರು, "ನಾನು ಕಡಲೆಹಿಟ್ಟು ಜಾಸ್ತಿ ಉಜ್ಜಿದೆ."

ಒಟ್ಟು ಹತ್ತು ಸ್ನಾನ. ಅದನ್ನು ಎಣಿಸಿದ್ದು ಆಮೇಲೆ. ಆಗ ಮಾಡಿದ್ದು ಬಾಟಲಿಯ ಮೇಲಿದ್ದ ಸಹಾಯವಾಣಿಗೆ ಫೋನ್. ರಘು ಮೀಟಿಂಗ್ ಬಿಟ್ಟು ಬಂದ. ಆ ಕಡೆಯ ಹೆಂಗಸು ಒಂದೊಂದಾಗಿ ಕೇಳಿದಳು: ಎಷ್ಟು ನೀರಿಗೆ ಎಷ್ಟು ದ್ರಾವಣ, ಕಣ್ಣಿಗೆ ಹೋಗಿದೆಯೇ, ಹೊಟ್ಟೆಗೆ ಹೋಗಿದೆಯೇ, ಮಗುವಿಗೆ ಎದೆಹಾಲು ಕೊಡುತ್ತಿದ್ದಾರೆಯೇ. ಎಷ್ಟು ನೀರಿಗೆ ಎಷ್ಟು ಎಂಬುದು ನನ್ನ ಡೈರಿಯಲ್ಲಿತ್ತು. ಅದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ ಎಂದಳು. ಅಂದೇ ತೋರಿಸಿದರು. ಚರ್ಮ ಕೆರಳಿದೆ, ಮುಲಾಮು ಸಾಕು, ಮಗುವಿಗೆ ಏನೂ ಆಗಿಲ್ಲ ಎಂದರಂತೆ. ದೀಪಾಳ ತುರಿಕೆ ಹೋಗಲು ಹದಿನೈದು ದಿನ ಬೇಕಾಯಿತು.

ಆಫೀಸಿನಲ್ಲಿ ಮ್ಯಾನೇಜರ್ ಟ್ಯಾಬ್ಲೆಟ್ ನನ್ನ ಮುಂದಿಟ್ಟ. ಕಾಲ್‌ಬ್ಯಾಕಿಗೆ ಎರಡೇ ಆಯ್ಕೆ: ನಮ್ಮ ತಪ್ಪು, ಅಥವಾ ಗ್ರಾಹಕರ ತಪ್ಪು. "ಅವರು ನಲ್ಲಿ ತೆರೆದರು, ಗ್ರಾಹಕರದ್ದು ಅಂತ ಹಾಕು," ಎಂದ. ನಾನು ಬೆರಳು ಇಡಲಿಲ್ಲ. ನೀರು ತೆಗೆದದ್ದು ಅವರೇ. ಮುಚ್ಚಳ ಹಾಕದೆ ಬಿಟ್ಟದ್ದು ನಾನು. ಕುಡಿಯುವ ನೀರಿನ ಹಾಗಿದೆ ಎಂದಾಗ ಅದು ನಿಜವೇ ಆಗಿತ್ತು, ಹತ್ತು ನಿಮಿಷದ ನಂತರ ಸುಳ್ಳಾಗಿತ್ತು. ಬೇರೆ ಊರಿನವನು ಬಿಸಿನೀರು ಚೆಲ್ಲುತ್ತೀಯಲ್ಲೋ ಎಂಬ ಮಾತು ಅರ್ಥವಾಗದೆ ಸುಮ್ಮನಾಗಬಹುದಿತ್ತು. ಮೈಸೂರಿನವನಾದ ನನಗೆ ಆ ಮಾತಿನ ಹಿಂದೆ ಏನಿದೆ ಎಂದು ತಿಳಿಯಬೇಕಿತ್ತಲ್ಲ. ಕೊನೆಗೆ "ನಮ್ಮ ತಪ್ಪು" ಒತ್ತಿದೆ. ಡೈರಿಯಲ್ಲಿ ಮಾತ್ರ ಆ ಪುಟದ ಕಾರಣದ ಸಾಲು ಈಗಲೂ ಖಾಲಿ. ಪ್ರಶ್ನಾರ್ಥಕವನ್ನೂ ಹಾಕಿಲ್ಲ. ಹೊಸಬರಿಗೆ ಇಷ್ಟು ಹೇಳಬಲ್ಲೆ: ಮುಚ್ಚಳ ತಿರುಗಿಸಿಯೇ ಹೊರಡಿ, ನೀರಿನಲ್ಲಿ ಏನು ಹಾಕಿದ್ದೀರಿ ಎಂದು ಮನೆಯಲ್ಲಿ ಅತ್ಯಂತ ಮುಂಚೆ ಏಳುವವರಿಗೆ ಅವರ ಭಾಷೆಯಲ್ಲಿ ಹೇಳಿ.

ನಾಲ್ಕು ದಿನ ಬಿಟ್ಟು ಆ ನೀರನ್ನೆಲ್ಲ ಬಸಿದು ಮತ್ತೆ ತುಂಬಲು ಹೋದೆವು. ಬಾಯ್ಲರಿನಲ್ಲಿ ಬಿರುಕೂ ಇರಲಿಲ್ಲ, ಏನೂ ಇರಲಿಲ್ಲ. ಗೇಜು ಹದಿನೈದಕ್ಕೆ ನಿಂತಿತು, ಮುಂದೆ ಎಂದೂ ಇಳಿಯಲಿಲ್ಲ. ಕೋಣೆ ಬೆಚ್ಚಗಾಯಿತು. ಆದರೆ ಶಾರದಮ್ಮ ಕೆಳಗೆ ಬರಲಿಲ್ಲ, ಕಾಫಿ ಬರಲಿಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು.

"ಅವತ್ತಿಂದ ಅಮ್ಮ ಸ್ನಾನ ಮಾಡಿಸ್ತಾನೇ ಇಲ್ಲ," ಎಂದಳು ದೀಪಾ ಮೆಲ್ಲಗೆ. "ಮಗೂನ ಮುಟ್ಟೋಕೂ ಹೆದರ್ತಾರೆ. ನಾನೇ ಶವರ್ ತಗೋತಿದೀನಿ. ವಾಪಸ್ ಹೋಗ್ತೀನಿ, ಟಿಕೆಟ್ ಪ್ರಿಪೋನ್ ಮಾಡು ಅಂತ ರಘುಗೆ ಹೇಳಿದ್ದಾರೆ."

ಕರ್ಟಿಸ್‌ಗೆ ಹೇಳಿದೆ. ಅವರು ಸಾಮಾನು ಚೀಲಕ್ಕೆ ತುಂಬುತ್ತಿದ್ದವರು ಕೈ ನಿಲ್ಲಿಸಿದರು. "ನನಗೆ ಒಂದು ಅರ್ಥವಾಗಲಿಲ್ಲ. ಅಷ್ಟು ದೂರ ಮೆಟ್ಟಿಲಿಳಿದು ಆಕೆ ಬಕೆಟ್ ಹೊತ್ತದ್ದು ಯಾಕೆ? ಸ್ನಾನದ ಮನೆಯಲ್ಲಿ ಬಿಸಿನೀರು ಬರುವುದಿಲ್ಲವೇ?"

"ಉಗುರು ಬೆಚ್ಚಗಿರುತ್ತದಂತೆ."

"ಯಾರಾದರೂ ನೋಡಿದ್ದಾರೆಯೇ?"

ಯಾರೂ ನೋಡಿರಲಿಲ್ಲ. ಯಾರೂ ಹೇಳಿರಲಿಲ್ಲ. ನಮ್ಮನ್ನು ಕರೆದದ್ದು ರೇಡಿಯೇಟರಿಗೆ. ಕರ್ಟಿಸ್ ಮಹಡಿಗೆ ಹೋಗಿ ಸ್ನಾನದ ಮನೆಯ ನಲ್ಲಿಯ ಹಿಡಿ ಬಿಚ್ಚಿದರು. ಒಳಗೆ ಒಂದು ಪ್ಲಾಸ್ಟಿಕ್ ಉಂಗುರವಿತ್ತು. ಯಾರೂ ಸುಟ್ಟುಕೊಳ್ಳದಿರಲಿ ಎಂದು ಹಿಡಿಯು ಬಿಸಿಯ ಕಡೆಗೆ ಪೂರ್ತಿ ತಿರುಗದಂತೆ ಅದು ತಡೆಯುತ್ತದೆ. ಹಿಂದಿನ ಮಾಲೀಕರು ಅದನ್ನು ತೀರಾ ತಣ್ಣಗಿನ ಕಡೆಗೆ ಕೂರಿಸಿದ್ದರು. ಕರ್ಟಿಸ್ ಮೂರು ಹಲ್ಲು ಈಚೆ ಸರಿಸಿ, ಥರ್ಮಾಮೀಟರ್ ಹಿಡಿದು ನೋಡಿ, ಹಿಡಿ ಮತ್ತೆ ಜೋಡಿಸಿದರು. ಐದು ನಿಮಿಷದ ಕೆಲಸ.

ನಾನು ಕೆಳಗೆ ಹೋಗಿ ಶಾರದಮ್ಮನನ್ನು ಕರೆದೆ. ಮೂರು ಸಲ ಕರೆಯಬೇಕಾಯಿತು. ಬಂದು ಬಾಗಿಲಲ್ಲೇ ನಿಂತರು.

"ಮೊದಲು ನೀನು ಕೈ ಇಡು," ಎಂದರು.

ಧಾರೆಯ ಕೆಳಗೆ ಕೈ ಇಟ್ಟೆ.

"ಇದರಲ್ಲಿ ಏನು ಹಾಕಿದ್ದೀರಿ?"

"ಏನೂ ಇಲ್ಲ ಅಮ್ಮ. ಊರಿಗೆಲ್ಲ ಬರೋ ನೀರೇ. ಬಾಯ್ಲರಿಗೂ ಇದಕ್ಕೂ ಸಂಬಂಧ ಇಲ್ಲ."

"ಅವರಿಗೂ ಇಡೋಕೆ ಹೇಳು."

ಕರ್ಟಿಸ್ ಏನೆಂದು ಕೇಳದೆ ತೋಳು ಮಡಚಿ ಕೈ ಇಟ್ಟರು. ಆಮೇಲೆ ಶಾರದಮ್ಮ ಬಂದು ಮೊಣಕೈ ಒಡ್ಡಿದರು. ಬೆರಳುಗಳನ್ನು ಉಜ್ಜಿ ನೋಡಿದರು, ಮೂಸಿದರು. ನಂತರ ನಮ್ಮಿಬ್ಬರ ಕಡೆ ತಿರುಗಿದರು.

"ಇಲ್ಲೇನು ನೋಡ್ತಾ ನಿಂತಿದೀರಿ? ಗಂಡಸರು ಆಚೆ ನಡೀರಿ. ದೀಪೂ, ಬಾರೇ ಇಲ್ಲಿ. ಎಣ್ಣೆ ಬಟ್ಟಲು ತಗೊಂಡ್ಬಾ."

ಬಾಗಿಲು ಮುಚ್ಚಿತು. ನಾವು ಮೆಟ್ಟಿಲ ಮೇಲೆ ನಿಂತೆವು. ಕೆಲಸ ಮುಗಿದಿತ್ತು, ಇನ್ನೂ ಎರಡು ಮನೆ ಬಾಕಿಯಿತ್ತು, ಆದರೂ ಇಬ್ಬರೂ ಕದಲಲಿಲ್ಲ. ಒಳಗೆ ಬಟ್ಟಲು ಇಟ್ಟ ಸದ್ದು. ಆಮೇಲೆ ನೀರು ಹುಯ್ದ ಸದ್ದು, ಅದರ ಬೆನ್ನಿಗೇ ದೀಪಾಳ ಕೂಗು.

"ಅಮ್ಮಾ! ಬಿಸಿ! ಸುಡುತ್ತೆ!"

"ಸುಡಬೇಕು. ಸುಮ್ನೆ ಕೂತ್ಕೋ."

ಕರ್ಟಿಸ್ ಗಾಬರಿಯಿಂದ ನನ್ನ ತೋಳು ಹಿಡಿದರು. "ಏನಾಯಿತು? ಏನಂತೆ?"

"ನೀರು ಸರಿಯಾಗಿದೆಯಂತೆ," ಎಂದೆ.